ಅಮೆರಿಕದ ಸರಕು ಹಡಗು ಉತ್ತರ ಕೊರಿಯಾದ ಮ್ಯೂಸಿಯಂ ಸೇರಿದ್ದು ಹೇಗೆ?

ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್‌ಯಾಂಗ್‌ನ ಯುದ್ಧ ಮ್ಯೂಸಿಯಂ ಪಕ್ಕದ ನದಿಯಲ್ಲಿ ಹಳೆಯ ಹಡಗೊಂದು ನಿಂತಿದೆ. ಪ್ರವಾಸಿಗರು ಹತ್ತಿ ನೋಡುತ್ತಾರೆ. ಅಮೆರಿಕ ನೌಕಾಪಡೆಯ ಪಟ್ಟಿಯಲ್ಲಿ ಮಾತ್ರ ಅದು ಇಂದಿಗೂ ಸೇವೆಯಲ್ಲಿರುವ ಹಡಗು! ಹೆಸರು ಯುಎಸ್‌ಎಸ್ ಪ್ಯೂಬ್ಲೊ.

ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, 1944ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಕೆವಾನಿಯಲ್ಲಿ ಅಮೆರಿಕದ ಭೂಸೇನೆಗಾಗಿ ಕಟ್ಟಿದ ಸರಕು ಹಡಗಿದು. ಉದ್ದ 54 ಮೀಟರ್. ಆಗ ಹೆಸರೂ ಇರಲಿಲ್ಲ, ಎಫ್‌ಪಿ-344 ಎಂಬ ನಂಬರ್ ಅಷ್ಟೇ. 1954ರಲ್ಲಿ ಮೂಲೆ ಸೇರಿತು. 1966ರಲ್ಲಿ ನೌಕಾಪಡೆ ಅದನ್ನು ಪಡೆದು ಹೆಸರಿಟ್ಟು, ರೇಡಿಯೋ ಸಂದೇಶ ಕದ್ದಾಲಿಸುವ ಉಪಕರಣಗಳನ್ನು ತುಂಬಿತು.

ಎಡವಟ್ಟಾಗಿದ್ದು ಇಲ್ಲೇ. ಸರಕು ಹಡಗಿನ ಆಮೆ ವೇಗ ಹಾಗೇ ಇತ್ತು. ರಕ್ಷಣೆಗೆ ಎರಡು ಮೆಷಿನ್ ಗನ್, ಅವೂ ಹಿಮಗಟ್ಟಿದ ಟಾರ್ಪಾಲಿನ್ ಕೆಳಗೆ. 1968ರ ಜನವರಿ 23ರಂದು ವೊನ್ಸಾನ್ ಬಳಿ ಉತ್ತರ ಕೊರಿಯಾದ ದೋಣಿಗಳು ಸುತ್ತುವರಿದು ಗುಂಡು ಹಾರಿಸಿದವು. ಒಬ್ಬ ನಾವಿಕ ಸತ್ತ, ಕಮಾಂಡರ್ ಲಾಯ್ಡ್ ಬುಚರ್ ಸೇರಿ 82 ಮಂದಿ ಸೆರೆಯಾದರು. ದಾಖಲೆ ಸುಡಲು, ಯಂತ್ರ ಒಡೆಯಲು ಸಮಯ ಸಾಲದೆ ಗುಪ್ತ ಸಂಕೇತ ಯಂತ್ರಗಳೂ ಶತ್ರುಗಳ ಕೈಸೇರಿದವು.

ಹಡಗು ತನ್ನ ಗಡಿಯೊಳಗಿತ್ತು ಎಂದಿತು ಉತ್ತರ ಕೊರಿಯಾ. ಅಂತಾರಾಷ್ಟ್ರೀಯ ಸಮುದ್ರದಲ್ಲಿತ್ತು ಎಂದಿತು ಅಮೆರಿಕ. ಸೆರೆಯಲ್ಲಿದ್ದವರು 11 ತಿಂಗಳು ಏಟು ತಿಂದರು. ಕೊನೆಗೆ ಸಿಕ್ಕ ದಾರಿ ವಿಚಿತ್ರವಾಗಿತ್ತು. ಬರೆದದ್ದನ್ನು ಒಪ್ಪುವುದಿಲ್ಲ ಎಂದು ಬಾಯಲ್ಲಿ ಹೇಳುತ್ತಲೇ ಅಮೆರಿಕದ ಜನರಲ್ ಕ್ಷಮಾಪತ್ರಕ್ಕೆ ಸಹಿ ಹಾಕಿದರು. ಡಿಸೆಂಬರ್ 23ರಂದು ಸಿಬ್ಬಂದಿ ಸೇತುವೆ ದಾಟಿ ದಕ್ಷಿಣ ಕೊರಿಯಾಕ್ಕೆ ಬಂದರು. ಹಡಗು ಅಲ್ಲೇ ಉಳಿಯಿತು.