ದಾಸೋಹವು ಶಾಲೆಯ ಬಾಗಿಲಿಗೆ



ಮಂಗಸೂಳಿ ಎಂದೊಡನೆ ಎಲ್ಲರ ನೆನಪಿಗೆ ಬರುವುದು ಮಲ್ಲಯ್ಯನ ಗುಡಿ, ಭಂಡಾರದ ಹಳದಿ. ಕನ್ನಡನಾಡಿನವರೂ ಬರುತ್ತಾರೆ, ಮಹಾರಾಷ್ಟ್ರದವರೂ ಬರುತ್ತಾರೆ. ಒಬ್ಬರು ಮಲ್ಲಯ್ಯ ಎನ್ನುತ್ತಾರೆ, ಇನ್ನೊಬ್ಬರು ಖಂಡೋಬಾ ಎನ್ನುತ್ತಾರೆ. ಇಂಥ ಊರಿನಲ್ಲಿ ನಿಂತು ಅನ್ನದಾನದ ಮಹಿಮೆಯನ್ನು ಹೇಳುವುದು ಅನಾವಶ್ಯಕ. ಬಡವರ ಮಗು ಶಾಲೆಯನ್ನು ಏಕೆ ಬಿಡುತ್ತದೆ, ಬಿಡದಂತೆ ನೋಡಿಕೊಳ್ಳಲು ಊರವರು ಏನು ಮಾಡಬಲ್ಲರು ಎಂಬುದನ್ನು ಇಂದು ವಿಚಾರ ಮಾಡೋಣ.

“ದಡ್ಡ ಹುಡುಗ, ತಲೆಗೆ ಹತ್ತಲಿಲ್ಲ, ಬಿಟ್ಟ” ಎಂದು ನಾವೆಲ್ಲರೂ ಸುಲಭವಾಗಿ ಹೇಳಿಬಿಡುತ್ತೇವೆ. ಬಹುಮಟ್ಟಿಗೆ ಇದು ಸುಳ್ಳು. ಹಿಂದಿನ ಸಾಲಿನಲ್ಲಿ ಕುಳಿತವನಿಗೆ ಕರಿಹಲಗೆಯ ಮೇಲಿನ ಅಕ್ಷರವೇ ಕಾಣುತ್ತಿರುವುದಿಲ್ಲ. ಅವನಿಗೆ ಬೇಕಾದದ್ದು ಕನ್ನಡಕ, ಸಿಕ್ಕಿದ್ದು ದಡ್ಡನೆಂಬ ಹೆಸರು. ಇನ್ನೊಬ್ಬ ಹುಡುಗಿ ವಾರಕ್ಕೆ ಮೂರು ದಿನ ಬರುವುದಿಲ್ಲ. ಏಕೆಂದು ಕೇಳಿದರೆ, ತಾಯಿ ಕೂಲಿಗೆ ಹೋಗುತ್ತಾಳೆ, ಕೈಗೂಸನ್ನು ಎತ್ತಿಕೊಳ್ಳುವವರು ಬೇಕು. ಈ ಹುಡುಗಿಗೆ ಬುದ್ಧಿವಾದ ಹೇಳಿ ಪ್ರಯೋಜನವಿಲ್ಲ. ಕೂಸನ್ನು ನೋಡಿಕೊಳ್ಳುವ ವ್ಯವಸ್ಥೆ ಶಾಲೆಯ ಹತ್ತಿರವೇ ಆದರೆ ಅವಳು ತಾನಾಗಿ ಬರುತ್ತಾಳೆ. 1975ರಲ್ಲಿ ದೇಶದಲ್ಲಿ ಆರಂಭವಾದ ಅಂಗನವಾಡಿಯನ್ನು ನಾವು ಸಣ್ಣ ಮಕ್ಕಳ ಸಂಸ್ಥೆ ಎಂದು ಮಾತ್ರ ತಿಳಿದಿದ್ದೇವೆ. ಅದು ಅಕ್ಕನ ಓದನ್ನೂ ಕಾಯುವ ಸಂಸ್ಥೆ.

ಈ ಸೀಮೆಯ ದೊಡ್ಡ ಪ್ರಶ್ನೆ ಕಬ್ಬಿನದು. ಕಬ್ಬು ನಮ್ಮ ರೈತನಿಗೆ ಅನ್ನ ಕೊಟ್ಟಿದೆ, ಉಗಾರದ ಕಾರ್ಖಾನೆಯಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಬ್ಬು ಕಡಿಯುವವರು ಯಾರು? ಬೀಡ ಮೊದಲಾದ ಬರದ ನಾಡುಗಳಿಂದ ಬರುವ ಗ್ಯಾಂಗಿನವರು. ಮುಕಾದಮನು ಮುಂಗಡ ಹಣ ಕೊಟ್ಟು ಕರೆತರುವಾಗ ಗಂಡ ಹೆಂಡಿರನ್ನು ಕೂಡಿಸಿ ಒಂದು ‘ಕೊಯ್ತಾ’ ಎಂದು ಎಣಿಸುತ್ತಾನೆ. ಒಬ್ಬರು ಬಂದು ಒಬ್ಬರು ಊರಲ್ಲಿ ಉಳಿಯುವಂತಿಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಮಗು ಉಳಿದೀತು; ಇಲ್ಲದಿದ್ದರೆ ಮಗುವೂ ಬಂಡಿ ಏರಿತು. ಇನ್ನು ಕಾಲವನ್ನು ನೋಡಿರಿ. ಶಾಲೆ ಶುರುವಾಗುವುದು ಜೂನಿನ ಹೊತ್ತಿಗೆ. ಕಬ್ಬಿನ ಹಂಗಾಮು ದೀಪಾವಳಿಯ ಆಚೀಚೆ ಶುರುವಾಗಿ ಮಾರ್ಚಿಯವರೆಗೂ ನಡೆಯುತ್ತದೆ. ಜೂನಿನಲ್ಲಿ ಹೆಸರು ಹಚ್ಚಿದ ಮಗು ವರುಷದ ನಡುವೆ ಎದ್ದು ಹೋಯಿತು, ಪರೀಕ್ಷೆ ಮುಗಿಯುವ ಹೊತ್ತಿಗೆ ತಿರುಗಿ ಬಂತು. ಹಾಜರಿ ಪುಸ್ತಕದಲ್ಲಿ ಹೆಸರುಂಟು, ಮಗು ಇಲ್ಲ. ಮೂರು ವರುಷ ಹೀಗೆ ನಡೆದರೆ ನಾಲ್ಕನೆಯ ವರುಷ ಆ ಮಗುವಿನ ಕೈಗೆ ಕುಡುಗೋಲು ಬರುತ್ತದೆ.

ಇದಕ್ಕೆ ದಾರಿ ಇಲ್ಲವೆಂದಲ್ಲ. ಮಹಾರಾಷ್ಟ್ರದಲ್ಲಿ 1990ರ ದಶಕದಲ್ಲಿಯೇ ಕಾರ್ಖಾನೆಗಳ ಹತ್ತಿರ ‘ಸಾಖರ ಶಾಳಾ’ ಎಂದು ಹಂಗಾಮಿನ ಶಾಲೆಗಳನ್ನು ನಡೆಸಿದರು. ನಮ್ಮಲ್ಲಿಯೂ ವಲಸೆಯ ಮಕ್ಕಳಿಗೆ ಟೆಂಟ್ ಶಾಲೆಗಳ ಏರ್ಪಾಡು ಬಂದಿತು. ಇದಕ್ಕಿಂತ ಮುಖ್ಯವಾಗಿ, 2009ರಲ್ಲಿ ಆಗಿ 2010ರ ಏಪ್ರಿಲ್‌ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯಲ್ಲಿ ಒಂದು ಮಾತುಂಟು: ಆರರಿಂದ ಹದಿನಾಲ್ಕು ವರುಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲವೆಂದಾಗಲಿ, ಹಿಂದಿನ ಶಾಲೆಯ ವರ್ಗಾವಣೆ ಪತ್ರ ತಡವಾಯಿತೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ. ವರುಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಗುಡಿಸಲಿನ ತಾಯಿಗೆ ಈ ಕಾಯಿದೆ ತಿಳಿಯದು. ಊರಿನ ನಾಲ್ಕು ಅಕ್ಷರ ಬಲ್ಲವನು ಮಗುವಿನ ಕೈ ಹಿಡಿದು ಶಾಲೆಗೆ ಕರೆದೊಯ್ದರೆ ಮಾತ್ರ ಕಾಯಿದೆಗೆ ಜೀವ ಬರುತ್ತದೆ. ಮರಾಠಿ ಮಾತನಾಡುವ ಮಗುವೆಂದು ಹಿಂಜರಿಯಬೇಡಿರಿ; ಈ ಗಡಿ ಭಾಗದಲ್ಲಿ ಎರಡೂ ಭಾಷೆ ಬಲ್ಲವರು ಮನೆ ಮನೆಗೆ ಸಿಗುತ್ತಾರೆ.

ವಿದ್ಯೆಗಾಗಿ ದುಡಿಯುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆಂದು ಮೃತ್ಯುಪತ್ರ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. 1916ರಲ್ಲಿ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯನ್ನು ಕಟ್ಟಿದರು. ಅವರು ಶ್ರೀಮಂತರಲ್ಲ, ಸಂಬಳದ ಮಾಸ್ತರರು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಹಳ್ಳಿಯ ಹುಡುಗರಿಗೆ ಉಚಿತ ಪ್ರಸಾದ ನಿಲಯ ನಡೆಸಿದರು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು (1907–2019) ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆಜ್ಞೆ ಮಾಡಿತು. ಮರುವರುಷ ಕರ್ನಾಟಕ ಸರಕಾರ ಬಿಸಿಯೂಟ ಆರಂಭಿಸಿದಾಗ ಅದಕ್ಕೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಮಠದ ಮಾತು ಸರಕಾರದ ಕಾಗದಕ್ಕೆ ಏರಿತು. ನಮಗೆ ಸಂತೋಷವಾಯಿತು, ಸ್ವಲ್ಪ ನಾಚಿಕೆಯೂ ಆಯಿತು.

ನಾಚಿಕೆ ಏಕೆಂದರೆ, ಆ ಮಾತಿನ ಅರ್ಥವನ್ನು ನಾವೇ ಒಮ್ಮೆ ಮರೆತಿದ್ದೆವು. ಕೆಲವು ವರುಷಗಳ ಹಿಂದೆ ನಮ್ಮ ಮಠದ ಉತ್ಸವದಲ್ಲಿ ಬಡ ಮಕ್ಕಳಿಗೆ ನೋಟಬುಕ್ಕು ಹಂಚಿದೆವು. ವೇದಿಕೆಗೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದದ್ದು, ದಾನಿಗಳು ಪಕ್ಕದಲ್ಲಿ ನಿಂತದ್ದು, ಫೋಟೋ ತೆಗೆದದ್ದು, ಎಲ್ಲವೂ ಸಾಂಗವಾಗಿ ನಡೆಯಿತು. ಹದಿನೈದು ದಿನದ ಮೇಲೆ ಒಬ್ಬ ತಾಯಿ ಬಂದು ನೋಟಬುಕ್ಕುಗಳ ಕಟ್ಟನ್ನು ನಮ್ಮ ಮುಂದೆ ಇಟ್ಟಳು. “ಅಪ್ಪಾರ, ಆಕಿಗೆ ಸಾಲಿ ಬ್ಯಾಡಾಗೇದರಿ. ಎಲ್ಲಾರೂ ‘ಮಠದ ವಹಿ ಹುಡುಗಿ’ ಅಂತ ನಗತಾರಂತ” ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ. ಆ ಹುಡುಗಿ ಆ ವರುಷ ಶಾಲೆಗೆ ಮರಳಲಿಲ್ಲ. ಸಹಾಯ ಮಾಡಲು ಹೋಗಿ ಒಂದು ಮಗುವನ್ನು ಹೊರಹಾಕಿದವರು ನಾವು.

ನಾವು ಪಾಠಶಾಲೆಯಲ್ಲಿದ್ದಾಗ ಕಂತಿ ಭಿಕ್ಷೆಗೆ ಹೋಗುತ್ತಿದ್ದೆವು. ಎಲ್ಲ ಸಾಧಕರೂ ಹೋಗುತ್ತಿದ್ದೆವು, ಉಳ್ಳವರ ಮಗನೂ ಜೋಳಿಗೆ ಹಿಡಿಯುತ್ತಿದ್ದ. ತಂದದ್ದನ್ನು ಕೂಡಿಸಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದೆವು. ಆದುದರಿಂದ ಯಾರಿಗೂ ಕೀಳೆನಿಸಲಿಲ್ಲ. ದಾನಕ್ಕೂ ದಾಸೋಹಕ್ಕೂ ಇರುವ ವ್ಯತ್ಯಾಸ ಇದು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ; ದಾಸೋಹದಲ್ಲಿ ಕೊಡುವವನೇ ದಾಸ. ಬಿಸಿಯೂಟದ ಗುಣವೂ ಇದೇ: ಇಡೀ ತರಗತಿ ಒಟ್ಟಿಗೆ ಕೂಡುತ್ತದೆ. ಆ ಮೇಲೆ ನಾವು ನೋಟಬುಕ್ಕುಗಳನ್ನು ಮುಖ್ಯ ಮಾಸ್ತರರ ಕೈಗೆ ಕೊಡುತ್ತಿದ್ದೇವೆ. ತರಗತಿಗೆ ತರಗತಿಯೇ ಪಡೆಯುತ್ತದೆ. ಖರ್ಚು ಹೆಚ್ಚು, ವೇದಿಕೆ ಇಲ್ಲ, ಫೋಟೋ ಇಲ್ಲ. ದಾನಿಗಳಲ್ಲಿ ಕೆಲವರು ಕಡಿಮೆಯಾದರು. ಆಗಲಿ.

ಮಂಗಸೂಳಿಯವರಿಗೆ ನಮ್ಮ ಬೇಡಿಕೆ ಹೆಚ್ಚಿನದಲ್ಲ. 2001ರಿಂದ ಸರಕಾರಿ ಶಾಲೆಗೆ ತಂದೆತಾಯಿಗಳ ಮೇಲುಸ್ತುವಾರಿ ಸಮಿತಿ ಇದೆ. ಅದರ ಸಭೆಗೆ ಹೋಗಿರಿ, ಗೋಡೆಯ ಬಣ್ಣದ ಮಾತಿಗಿಂತ ಮೊದಲು ಬಾರದ ಮಕ್ಕಳ ಹೆಸರನ್ನು ಓದಿಸಿರಿ. ಮಿರಜಿಯ ಆಸ್ಪತ್ರೆಗಳು ದೂರವಿಲ್ಲ, ವರುಷಕ್ಕೊಮ್ಮೆ ಕಣ್ಣಿನ ಡಾಕ್ಟರರನ್ನು ಶಾಲೆಗೇ ಕರೆಯಿಸಿರಿ. ಒಂದೇ ಕೋಣೆಯ ಮನೆಯ ಹುಡುಗನಿಗೆ ಸಂಜೆ ಕುಳಿತು ಓದಲು ಜಾಗವಿಲ್ಲ; ಒಂದು ಪಡಸಾಲೆ, ಒಂದು ದೀಪ, ನಿವೃತ್ತ ಮಾಸ್ತರರೊಬ್ಬರು ಇದ್ದರೆ ಸಾಕು.

ಈಗ ಪ್ರಸಾದವಾದ ಮೇಲೆ ಊರ ಹಿರಿಯರೂ ಮಾಸ್ತರರೂ ಹೊಲದಂಚಿನ ಗ್ಯಾಂಗಿನ ಗುಡಿಸಲುಗಳ ಕಡೆಗೆ ಹೊರಟಿದ್ದಾರೆ, ನಾವೂ ಹೋಗುತ್ತೇವೆ. ಮರಾಠಿ ಚೆನ್ನಾಗಿ ಬಲ್ಲ ತಾಯಂದಿರು ಇಬ್ಬರು ಮೂವರು ಜೊತೆಗೆ ಬರಬೇಕು; ಗಂಡಸರೇ ಹೋದರೆ ಆ ಹೆಣ್ಣುಮಕ್ಕಳು ಮಾತನಾಡುವುದಿಲ್ಲ. ಹೆಸರು ಬರೆದುಕೊಳ್ಳಲು ಒಂದು ವಹಿಯನ್ನು ಯಾರಾದರೂ ತನ್ನಿರಿ.