ಬಿಸಿಲು, ಉಪ್ಪು ಮತ್ತು ಅಂಗಳದ ಕಾರು

ಕುಮಟಾ ತಾಲೂಕಿನ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಗದ್ದೆಯಂತಹ ಪಾತಿಗಳಲ್ಲಿ ಉಪ್ಪುನೀರನ್ನು ನಿಲ್ಲಿಸಿ ಬಿಸಿಲಿಗೆ ಬಿಡುತ್ತಾರೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ನಮ್ಮ ಕರಾವಳಿಯ ಅಂಗಳಗಳಲ್ಲಿ ನಿಂತಿರುವ ಕಾರುಗಳ ಮೇಲೂ ಇದೇ ಕೆಲಸ ಸಣ್ಣ ಪ್ರಮಾಣದಲ್ಲಿ ದಿನವೂ ನಡೆಯುತ್ತಿರುತ್ತದೆ. ಕಡಲ ಗಾಳಿ ಉಪ್ಪಿನ ತೇವವನ್ನು ತಂದು ಹಚ್ಚುತ್ತದೆ. ಬಿಸಿಲು ನೀರನ್ನು ಒಣಗಿಸಿ ಉಪ್ಪನ್ನು ಮಾತ್ರ ಅಲ್ಲೇ ಉಳಿಸುತ್ತದೆ.

ಭಟ್ಕಳ, ಹೊನ್ನಾವರ, ಕುಮಟಾದ ಅನೇಕ ಮನೆಗಳಲ್ಲಿ ಕಾರು ಎಂದರೆ ಗಲ್ಫ್‌ನಲ್ಲಿ ವರ್ಷಗಟ್ಟಲೆ ದುಡಿದ ಬೆವರಿನ ಫಲ. ಮನೆಯ ಯಜಮಾನ ರಜೆಯಲ್ಲಿ ಬಂದಾಗ ಅದು ಓಡುತ್ತದೆ. ಉಳಿದ ತಿಂಗಳುಗಳಲ್ಲಿ ಹೆಚ್ಚಿನ ಕಾಲ ಅಂಗಳದಲ್ಲೇ ನಿಂತಿರುತ್ತದೆ. ಆಗ ಅದನ್ನು ನೋಡಿಕೊಳ್ಳುವ ಹೊಣೆ ಮನೆಯಲ್ಲಿರುವ ಹೆಂಗಸರು, ಮಕ್ಕಳು ಮತ್ತು ಹಿರಿಯರದ್ದು. ಅದೃಷ್ಟವಶಾತ್ ಇದಕ್ಕೆ ದೊಡ್ಡ ಖರ್ಚು ಬೇಕಿಲ್ಲ, ಸ್ವಲ್ಪ ತಿಳುವಳಿಕೆ ಸಾಕು.

ಬಣ್ಣ ಬರೀ ಅಂದಕ್ಕಲ್ಲ

ಕಾರಿನ ಬಣ್ಣ ಒಂದೇ ಪದರವಲ್ಲ. ಕಬ್ಬಿಣದ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ನಂತರ ಬಣ್ಣ, ಎಲ್ಲಕ್ಕಿಂತ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಇವೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತ ತುಸು ಹೆಚ್ಚು. ಹೊಳಪು ಕೊಡುವ ಕ್ಲಿಯರ್ ಕೋಟ್ ಸುಮಾರು 40-50 ಮೈಕ್ರಾನ್ ಮಾತ್ರ. ನಮ್ಮ ತಲೆಗೂದಲಿಗಿಂತಲೂ ತೆಳುವಾದ ಈ ಪದರ ಕಾರಿನ ಚರ್ಮವಿದ್ದಂತೆ. ಚರ್ಮ ಬಿರಿದರೆ ಗಾಯ ಒಳಗಿಳಿಯುವುದು ಸಹಜವಲ್ಲವೇ?

ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಕ್ಲಿಯರ್ ಕೋಟನ್ನು ನಿಧಾನವಾಗಿ ಒಡೆಯುತ್ತವೆ. ಮೊದಲು ಹೊಳಪು ಮಾಸುತ್ತದೆ, ನಂತರ ಮೇಲ್ಮೈ ಮಂಕಾಗಿ ಬಿಳಿಚಿಕೊಳ್ಳುತ್ತದೆ, ಕೊನೆಗೆ ಸಿಪ್ಪೆಯಂತೆ ಏಳುತ್ತದೆ. ಹೆಚ್ಚು ಬಿಸಿಲು ಬೀಳುವ ಬಾನೆಟ್ ಮತ್ತು ಛಾವಣಿಯಲ್ಲಿ ಇದು ಮೊದಲು ಕಾಣಿಸುತ್ತದೆ. ಕಪ್ಪು ಮತ್ತು ಗಾಢ ಬಣ್ಣದ ಕಾರುಗಳು ಬಿಳಿ ಕಾರಿಗಿಂತ ಹೆಚ್ಚು ಕಾಯುತ್ತವೆ.

ಗಲ್ಫ್‌ನ ಬಿಸಿಲು ಇದಕ್ಕಿಂತ ಕಠಿಣ ನಿಜ. ಆದರೆ ಅಲ್ಲಿ ಮಳೆ ಅಪರೂಪ. ನಮ್ಮಲ್ಲಿ ಮೇ ತಿಂಗಳ ಬಿಸಿಲಿನ ಹಿಂದೆಯೇ ಜೂನ್ ಮಳೆ ಬರುತ್ತದೆ. ಈ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಬೇಸಿಗೆಯಲ್ಲಿ ಬಿಸಿಲು ತೆರೆದ ಬಾಗಿಲಿನಿಂದ ಮಳೆಗಾಲದಲ್ಲಿ ನೀರು ಮತ್ತು ಉಪ್ಪು ಒಳನುಗ್ಗುತ್ತವೆ. ಮೂರೂ ಪಟ್ಟಣಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿ ಚಕ್ರದಿಂದ ಸಿಡಿದ ಜಲ್ಲಿಕಲ್ಲು ಮಾಡಿದ ಸಾಸಿವೆಯಷ್ಟು ಗಾಯವೂ ಸಾಕು, ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಮೀನಿನ ಲಾರಿಗಳಿಂದ ರಸ್ತೆಗೆ ಸೋರುವ ಉಪ್ಪುನೀರು ಕಾರಿನ ತಳಕ್ಕೆ ಸಿಡಿಯುವುದು ಇದರ ಜೊತೆಗೆ.

ತೊಳೆಯುವುದರಲ್ಲೇ ಅರ್ಧ ರಕ್ಷಣೆ

ಕೆಂಪು ಧೂಳು ಕೂತ ಕಾರನ್ನು ಒಣ ಬಟ್ಟೆಯಲ್ಲಿ ಒರೆಸುವುದು ನಮ್ಮಲ್ಲಿ ಸಾಮಾನ್ಯ. ಇದು ಕಾರಿಗೆ ಮರಳು ಕಾಗದ ಉಜ್ಜಿದಂತೆ. ಮೊದಲು ನೀರು ಹಾಯಿಸಿ ಧೂಳು ಮತ್ತು ಉಪ್ಪನ್ನು ಇಳಿಸಬೇಕು. ಆಮೇಲೆ ಕಾರ್ ಶಾಂಪೂ ಬೆರೆಸಿದ ನೀರಿನಿಂದ ಛಾವಣಿಯಿಂದ ಕೆಳಕ್ಕೆ ತೊಳೆಯಬೇಕು. ಬಟ್ಟೆ ಹಿಂಡಲು ಬೇರೆಯೇ ಒಂದು ಬಕೆಟ್ ಇರಲಿ. ಬಟ್ಟೆ ಒಗೆಯುವ ಪುಡಿ ಮತ್ತು ಪಾತ್ರೆ ತೊಳೆಯುವ ಸೋಪು ಬೇಡ, ಅವು ಹಚ್ಚಿದ ಮೇಣವನ್ನೂ ಕಿತ್ತು ತೆಗೆಯುತ್ತವೆ.

ಸುಡುವ ಬಾನೆಟ್ ಮೇಲೆ ನೀರು ಹಾಕಬೇಡಿ. ನೀರು ಕ್ಷಣದಲ್ಲಿ ಆರಿ ಬಿಳಿ ಕಲೆ ಬಿಡುತ್ತದೆ. ಬೆಳಿಗ್ಗೆ ಬಿಸಿಲೇರುವ ಮುನ್ನ ಅಥವಾ ಅಸರ್ ನಮಾಝಿನ ಬಳಿಕ ನೆರಳಿನಲ್ಲಿ ತೊಳೆಯುವುದು ಒಳ್ಳೆಯದು. ಇನ್ನೊಂದು ಮಾತು, ಕಡಲಂಚಿನ ಕೆಲವು ಬಾವಿಗಳ ನೀರು ಬೇಸಿಗೆಯಲ್ಲಿ ಸವಳಾಗುತ್ತದೆ. ಬಾಯಿಗೆ ಉಪ್ಪೆನಿಸುವ ನೀರು ಕಾರಿಗೂ ಒಳ್ಳೆಯದಲ್ಲ. ಕೊನೆಯ ತೊಳೆತಕ್ಕಾದರೂ ಒಂದು ಬಕೆಟ್ ಸಿಹಿನೀರು ಬಳಸಿ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಮುರ್ಡೇಶ್ವರಕ್ಕೋ ಕಾಸರಕೋಡು ಕಡಲತೀರಕ್ಕೋ ಹೋಗಿ ಬಂದರೆ ಮರುದಿನವೇ ತೊಳೆದುಬಿಡಿ, ತಳಭಾಗವನ್ನು ಮರೆಯಬೇಡಿ.

ಹಕ್ಕಿ ಹಿಕ್ಕೆಯಲ್ಲಿ ಆಮ್ಲವಿದೆ. ಬಿಸಿಲಿಗೆ ಅದು ಬಣ್ಣದೊಳಗೆ ಕೊರೆದು ಅಳಿಯದ ಗುರುತು ಮಾಡುತ್ತದೆ. ಕಂಡ ಕೂಡಲೇ ಒದ್ದೆ ಬಟ್ಟೆ ಇಟ್ಟು, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಉಗುರಿನಿಂದ ಕೆರೆಯಬೇಡಿ.

ನೆರಳು ಎಂಥದ್ದು?

ನೆರಳಿಗಿಂತ ಉತ್ತಮ ಔಷಧಿ ಇಲ್ಲ. ಆದರೆ ಮರದ ನೆರಳೆಲ್ಲ ಒಳ್ಳೆಯದಲ್ಲ. ಮಾವು ಹೂ ಬಿಡುವ ಕಾಲಕ್ಕೆ ಜಿಗಿಹುಳುಗಳ ಅಂಟು ಸೋರಿ ಕಾರೆಲ್ಲ ಜಿಗುಟಾಗುತ್ತದೆ. ತೆಂಗಿನ ಮರದ ಕೆಳಗಿನ ಅಪಾಯ ಹೇಳಬೇಕಾಗಿಲ್ಲ. ಶೀಟಿನ ಮಾಡು ಕಟ್ಟಿಸುವಷ್ಟು ಅನುಕೂಲವಿಲ್ಲದಿದ್ದರೆ ಹೆಣೆದ ತೆಂಗಿನ ಗರಿಯ ಚಪ್ಪರವೂ ಬೇಸಿಗೆಗೆ ಸಾಕು.

ಹೊದಿಕೆ ಹಾಕುವುದಾದರೆ ಗಾಳಿಯಾಡುವ ಬಟ್ಟೆಯದಿರಲಿ. ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿದರೆ ಒಳಗೆ ತೇವ ನಿಂತು ತುಕ್ಕಿಗೆ ದಾರಿಯಾಗುತ್ತದೆ. ಧೂಳಿನ ಕಾರಿಗೆ ಹೊದಿಸಿದರೆ ಗಾಳಿಗೆ ಬಟ್ಟೆ ಉಜ್ಜಿ ಗೆರೆ ಬೀಳುತ್ತದೆ. ಆದ್ದರಿಂದ ತೊಳೆದು ಒಣಗಿಸಿದ ಕಾರಿಗೆ ಮಾತ್ರ ಹೊದಿಕೆ.

ಮೇಣವೋ, ಸೆರಾಮಿಕ್ಕೋ?

ಸಾಧಾರಣ ವ್ಯಾಕ್ಸ್ ಅಂದರೆ ಮೇಣ ಅಗ್ಗ, ಮನೆಯಲ್ಲೇ ಹಚ್ಚಬಹುದು. ಆದರೆ ನಮ್ಮ ಬಿಸಿಲು ಮಳೆಗೆ ಕೆಲವು ವಾರಗಳು ಅಥವಾ ಒಂದೆರಡು ತಿಂಗಳಷ್ಟೇ ಬಾಳುತ್ತದೆ. ಸಿಂಥೆಟಿಕ್ ಸೀಲೆಂಟ್ ಇನ್ನೂ ಕೆಲವು ತಿಂಗಳು ಹೆಚ್ಚು ಬಾಳುತ್ತದೆ. ಸೆರಾಮಿಕ್ ಕೋಟಿಂಗ್ ದುಬಾರಿ, ಸರಿಯಾಗಿ ಹಚ್ಚಿದರೆ ವರ್ಷಗಳ ಕಾಲ ಉಳಿಯಬಲ್ಲದು. ಆದರೆ ಅದು ಕಲ್ಲೇಟನ್ನು ತಡೆಯುವುದಿಲ್ಲ, ತೊಳೆಯುವ ಕೆಲಸವನ್ನೂ ತಪ್ಪಿಸುವುದಿಲ್ಲ. ಕಲ್ಲೇಟು ತಡೆಯಲು ಪಾಲಿಯುರೆಥೇನಿನ ಪಾರದರ್ಶಕ ಫಿಲ್ಮ್ ಇದೆ, ಅದರ ಬೆಲೆ ಇನ್ನೂ ಹೆಚ್ಚು. ದುಡ್ಡು ಕೊಟ್ಟು ಕೋಟಿಂಗ್ ಮಾಡಿಸಿ ಮತ್ತೆ ತಿಂಗಳುಗಟ್ಟಲೆ ಬಿಸಿಲಿಗೆ ಬಿಟ್ಟ ಕಾರಿಗಿಂತ, ವಾರಕ್ಕೊಮ್ಮೆ ತೊಳೆದು ನೆರಳಲ್ಲಿಟ್ಟು ಮೇಣ ಹಚ್ಚಿದ ಕಾರು ಚೆನ್ನಾಗಿರುತ್ತದೆ.

ಮೇಣ ಉಳಿದಿದೆಯೇ ಎಂದು ತಿಳಿಯುವುದು ಸುಲಭ. ನೀರು ಚಿಮುಕಿಸಿ, ಕೆಸುವಿನ ಎಲೆಯ ಮೇಲಿನಂತೆ ಹನಿ ಉರುಟಾಗಿ ನಿಂತರೆ ಇದೆ. ಹರಡಿಕೊಂಡರೆ ಮತ್ತೆ ಹಚ್ಚುವ ಸಮಯವಾಗಿದೆ. ಹೊಳಪಿನ ಆಸೆಗೆ ಪದೇ ಪದೇ ರಬ್ಬಿಂಗ್ ಪಾಲಿಶ್ ಮಾಡಿಸಬೇಡಿ, ಪ್ರತಿ ಸಲವೂ ಆ ತೆಳು ಕ್ಲಿಯರ್ ಕೋಟ್ ಸವೆಯುತ್ತದೆ. ಒಮ್ಮೆ ಸಿಪ್ಪೆಯೆದ್ದ ಮೇಲೆ ಯಾವ ಪಾಲಿಶೂ ನಾಟುವುದಿಲ್ಲ, ಆ ಭಾಗಕ್ಕೆ ಹೊಸ ಬಣ್ಣವೇ ಗತಿ.

ವರ್ಷಕ್ಕೆ ಮೂರು ದಿನ

ಫೆಬ್ರವರಿಯಲ್ಲಿ, ಬಿಸಿಲು ಏರುವ ಮೊದಲು ಒಮ್ಮೆ ಮೇಣ. ಮೇ ಕೊನೆಯಲ್ಲಿ, ಮಳೆಗೆ ಮುಂಚೆ ಇನ್ನೊಮ್ಮೆ ಮೇಣ. ಕಲ್ಲೇಟಿನ ಗಾಯಗಳಿಗೆ ಕಾರಿನ ಬಣ್ಣದ ಕೋಡ್ ನೋಡಿ ತಂದ ಟಚಪ್ ಪೇಂಟ್. ಬಾಗಿಲುಗಳ ತಳದಲ್ಲಿರುವ ನೀರಿಳಿಯುವ ತೂತುಗಳಲ್ಲಿ ಕಸ ಕಟ್ಟಿದ್ದರೆ ಬಿಡಿಸುವುದು. ಅಕ್ಟೋಬರಿನಲ್ಲಿ, ಮಳೆ ನಿಂತ ಮೇಲೆ ತಳಭಾಗವನ್ನು ತೊಳೆಸಿ ತುಕ್ಕು ಹತ್ತಿದೆಯೇ ಎಂದು ಮೆಕ್ಯಾನಿಕ್ ಕೈಯಲ್ಲಿ ನೋಡಿಸುವುದು. ಇಷ್ಟಕ್ಕೆ ವರ್ಷದಲ್ಲಿ ಮೂರು ದಿನ ಸಾಕು.

ಬಣ್ಣ ಮಾಸಿದ ಕಾರಿಗೆ ಮಾರುವಾಗ ಬೆಲೆ ಇಳಿಯುತ್ತದೆ, ಅದು ಹಣದ ನಷ್ಟ. ತುಕ್ಕು ಒಳಗಿಳಿದು ನೆಲದ ತಗಡನ್ನೂ ಚಾಸಿಯನ್ನೂ ತಿಂದರೆ ಅದು ಒಳಗೆ ಕೂರುವ ಮಕ್ಕಳ ಸುರಕ್ಷತೆಯ ಪ್ರಶ್ನೆ. ಕೆಟ್ಟ ಮೇಲೆ ಬುದ್ಧಿ ಬಂದು ಫಲವೇನು? ದೂರ ದೇಶದಲ್ಲಿ ದುಡಿದು ತಂದದ್ದನ್ನು ಮನೆಯಲ್ಲಿರುವವರು ಒಂದು ಬಕೆಟ್ ಸಿಹಿನೀರು ಮತ್ತು ಒಂದು ಮೆತ್ತನೆಯ ಬಟ್ಟೆಯಿಂದಲೇ ಬಹಳ ವರ್ಷ ಕಾಪಾಡಬಹುದು.