ಉತಾರಾ ಇಲ್ಲದವರಿಗೂ ಬ್ಯಾಂಕಿನ ಬಾಗಿಲು

ಹತ್ತು ಲಕ್ಷದವರೆಗೆ ತಾರಣ ಬೇಕಿಲ್ಲ; ಬೇಕಿರುವುದು ಲೆಕ್ಕ, ಕಾಗದ, ಕೈಯಲ್ಲೊಂದು ಪೋಚ್

ಅಕ್ಕಲಕೋಟ: "ಹೊಲದ ಉತಾರಾ ತೊಗೊಂಡು ಬರ್ರಿ ಅಂದ್ರು. ಉತಾರಾ ನಮ್ಮ ಮಾವನ ಹೆಸರಿನ್ಯಾಗ ಅದ. ಮಾವ ತೀರಿಕೊಂಡು ಒಂಬತ್ತು ವರ್ಷ ಆತು. ನಾಲ್ಕು ಮಂದಿ ಅಣ್ಣತಮ್ಮಂದಿರು, ಇನ್ನೂ ವಾಟಣಿ ಆಗಿಲ್ಲ. ನಾ ಏನ್ ಒಯ್ದು ಕೊಡ್ಲಿ ತಮ್ಮಾ?"

ತಾಲೂಕಿನ ಒಂದು ಹಳ್ಳಿಯ ಈ ಅಕ್ಕ ಕೇಳಿದ ಪ್ರಶ್ನೆ ಅವರೊಬ್ಬರದಲ್ಲ. ಅಕ್ಕಲಕೋಟ, ದಕ್ಷಿಣ ಸೋಲಾಪುರ, ಜತ್ತ ಭಾಗದ ಎಷ್ಟೋ ಮನೆಗಳಲ್ಲಿ ಕೈಯಲ್ಲಿ ಕೆಲಸ ಇದೆ, ಹೆಸರಿನಲ್ಲಿ ಹೊಲ ಇಲ್ಲ. ಅಕ್ಕ ಮಾಡುವುದು ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಸೋಲಾಪುರದ ಎರಡು ಅಂಗಡಿಗೆ ವಾರಕ್ಕೊಮ್ಮೆ ಮಾಲು ಹೋಗುತ್ತದೆ. ಬೇಡಿಕೆ ಇದೆ, ಆದರೆ ಒರಳಿನಲ್ಲಿ ಕುಟ್ಟಿ ಪೂರೈಸಲು ಆಗುವುದಿಲ್ಲ. ಕಾಂಡಪ್ ಮಷಿನ್ ಬೇಕು. ಬ್ಯಾಂಕಿಗೆ ಹೋದರು, ಉತಾರಾ ಕೇಳಿದರು, ವಾಪಸ್ ಬಂದರು. ಊರಿನ ಸಾವಕಾರರ ಬಳಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಮಾತಾಡಿ ಬಂದಿದ್ದರು. ಅಷ್ಟರಲ್ಲಿ ನಮಗೆ ಭೇಟಿಯಾದರು.

ನಿಯಮ ಏನು ಹೇಳುತ್ತದೆ?

ಮರಾಠಿಯಲ್ಲಿ 'ತಾರಣ' ಎನ್ನುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಒತ್ತಿ, ಗಿರವಿ ಎನ್ನುತ್ತಾರೆ. ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ 10 ಲಕ್ಷ ರೂಪಾಯಿವರೆಗಿನ ಸಾಲ ಕೊಡುವಾಗ ತಾರಣ ಕೇಳಬಾರದು ಎಂದು ರಿಸರ್ವ್ ಬ್ಯಾಂಕು ವಾಣಿಜ್ಯ ಬ್ಯಾಂಕುಗಳಿಗೆ 2010ರಲ್ಲೇ ಆದೇಶಿಸಿದೆ. ಅದಕ್ಕೂ ಮೊದಲು, 2000ದಲ್ಲಿ, ಕೇಂದ್ರ ಸರ್ಕಾರ ಮತ್ತು ಸಿಡ್ಬಿ ಸೇರಿ ಸಿಜಿಟಿಎಂಎಸ್‌ಇ ಎಂಬ ಖಾತರಿ ನಿಧಿ ಕಟ್ಟಿದವು. ಸಾಲಗಾರ ಮುಳುಗಿದರೆ ಬ್ಯಾಂಕಿನ ನಷ್ಟದ ದೊಡ್ಡ ಪಾಲನ್ನು ಈ ನಿಧಿ ಭರಿಸುತ್ತದೆ.

2015ರ ಏಪ್ರಿಲ್ 8ರಂದು ಮುದ್ರಾ ಯೋಜನೆ ಬಂತು. ಇದರಲ್ಲಿ 50 ಸಾವಿರದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ತರುಣ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ 'ತರುಣ ಪ್ಲಸ್' 2024ರಲ್ಲಿ ಸೇರಿತು. ಇವು ಯಾವುದಕ್ಕೂ ಹೊಲ-ಮನೆ ಒತ್ತಿ ಬೇಕಿಲ್ಲ. ಸಾಲದ ಹಣದಿಂದ ತಂದ ಯಂತ್ರ ಮಾತ್ರ ಸಾಲ ತೀರುವವರೆಗೆ ಬ್ಯಾಂಕಿಗೆ ಬದ್ಧವಾಗಿರುತ್ತದೆ.

ಒಂದು ಮಾತು ನೆನಪಿಡಬೇಕು. ಖಾತರಿ ಇರುವುದು ಬ್ಯಾಂಕಿಗೆ, ಸಾಲಗಾರನಿಗಲ್ಲ. "ಸರ್ಕಾರದ ರೊಕ್ಕ, ಕಟ್ಟದಿದ್ರ ನಡೀತದ" ಎನ್ನುವ ಮಾತು ಕೇಳಿ ಕೆಟ್ಟವರಿದ್ದಾರೆ. ಕಂತು ತಪ್ಪಿದರೆ ಸಿಬಿಲ್‌ನಲ್ಲಿ ದಾಖಲಾಗುತ್ತದೆ; ಮುಂದೆ ಬೇರೆ ಸಾಲ ಸಿಗುವುದು ಕಷ್ಟವಾಗುತ್ತದೆ. ಪತಸಂಸ್ಥೆಗಳ ಮಾತು ಬೇರೆ. ಅವು ಸಹಕಾರ ಇಲಾಖೆಯ ಕೆಳಗಿವೆ, ಜಾಮೀನುದಾರರನ್ನು ಕೇಳುತ್ತವೆ.

ಮೊದಲು ಲೆಕ್ಕ, ಆಮೇಲೆ ಅರ್ಜಿ

ಅಕ್ಕ ಮೊದಲ ಸಲ ಬ್ಯಾಂಕಿಗೆ ಹೋದಾಗ ಕೈಯಲ್ಲಿ ಆಧಾರ್ ಕಾರ್ಡ್ ಬಿಟ್ಟರೆ ಏನೂ ಇರಲಿಲ್ಲ. "ಎಷ್ಟು ಬೇಕು?" ಎಂದಾಗ "ಒಂದೆರಡು ಲಕ್ಷ" ಎಂದಿದ್ದರು. ಒತ್ತಿ ಇಲ್ಲದ ಕಡೆ ಬ್ಯಾಂಕು ನೋಡುವುದು ಧಂದೆಯ ಲೆಕ್ಕವನ್ನೇ. ಅದೇ ಇಲ್ಲದಾಗ ಅಧಿಕಾರಿ ಉತಾರಾ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ, ಸರಿ ಅಂತೂ ಅಲ್ಲ.

ಅವರ ಅಡುಗೆಮನೆಯಲ್ಲೇ ಕೂತು ಲೆಕ್ಕ ಬರೆದೆವು. ಕಾಂಡಪ್ ಮಷಿನ್ ಮತ್ತು ಮೋಟಾರಿಗೆ 85 ಸಾವಿರ, ಪಾಕೀಟು ಮುಚ್ಚುವ ಯಂತ್ರ ಮತ್ತು ತೂಕದ ಕಾಟಾಕ್ಕೆ 15 ಸಾವಿರ, ಜೋಳ-ಶೇಂಗಾ-ಖಾರಕ್ಕೆ 40 ಸಾವಿರ. ಒಟ್ಟು 1 ಲಕ್ಷ 40 ಸಾವಿರ. ಕೈಯಲ್ಲಿ 20 ಸಾವಿರ ಇತ್ತು. ಬೇಕಾದದ್ದು 1 ಲಕ್ಷ 20 ಸಾವಿರ, ಅಂದರೆ ಕಿಶೋರ ಸಾಲ.

ನೂರಕ್ಕೆ ವರ್ಷಕ್ಕೆ 11ರ ಬಡ್ಡಿ ಹಿಡಿದು ಐದು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 2,600 ರೂಪಾಯಿ. ಅದೇ ದುಡ್ಡನ್ನು ಸಾವಕಾರರಿಂದ ತಂದರೆ ತಿಂಗಳಿಗೆ 3,600 ಬರೇ ಬಡ್ಡಿ. ಐದು ವರ್ಷ ಕಟ್ಟಿದರೆ 2 ಲಕ್ಷ 16 ಸಾವಿರ ಆಗುತ್ತದೆ, ಅಸಲು ಹಾಗೇ ಉಳಿಯುತ್ತದೆ. ಈ ಎರಡು ಸಾಲು ಓದಿ ಅಕ್ಕ ಬಹಳ ಹೊತ್ತು ಸುಮ್ಮನೆ ಕೂತರು.

ಅಂಗಡಿಗಳಿಗೆ ಕೊಟ್ಟ ಮಾಲಿನ ಚೀಟಿಗಳನ್ನು ಡಬ್ಬಿಯೊಂದರಲ್ಲಿ ಇಟ್ಟಿದ್ದರು. ತಾರೀಖಿನ ಪ್ರಕಾರ ಜೋಡಿಸಿದೆವು. ಆರು ತಿಂಗಳ ವ್ಯವಹಾರ ಕಣ್ಣಿಗೆ ಕಂಡಿತು. ಅವರ ಉತಾರಾ ಅದೇ.

ಗಡಿಯವರಿಗೆ ಹೆಸರಿನ ತೊಡಕು

ನಮ್ಮ ಕಡೆ ಇನ್ನೊಂದು ತೊಡಕು. ಅಕ್ಕನ ತವರು ಇಂಡಿ ತಾಲೂಕು. ಶಾಲೆಯ ದಾಖಲೆ ಕನ್ನಡದಲ್ಲಿ, ತಂದೆಯ ಹೆಸರಿನೊಂದಿಗೆ. ಆಧಾರದಲ್ಲಿ ತವರಿನ ವಿಳಾಸ, ರೇಷನ್ ಕಾರ್ಡಿನಲ್ಲಿ ಗಂಡನ ಮನೆಯ ಹೆಸರು. ಮೂರು ಕಾಗದದಲ್ಲಿ ಮೂರು ಹೆಸರು ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಗಡಿ ದಾಟಿ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಲು ಮದುವೆ ನೋಂದಣಿ ಪತ್ರ ಇಟ್ಟುಕೊಂಡು ಆಧಾರ, ಪ್ಯಾನ್, ಪಾಸ್‌ಬುಕ್ ಮೂರರಲ್ಲೂ ಒಂದೇ ಹೆಸರು ಮಾಡಿಸಬೇಕು. ಇಲ್ಲಿನ ವಿಳಾಸಕ್ಕೆ ಆಧಾರ ಬದಲಿಸಬೇಕು.

ಮುದ್ರಾ ಕೇಂದ್ರದ ಯೋಜನೆ, ರಾಜ್ಯದ ಪ್ರಶ್ನೆ ಬರುವುದಿಲ್ಲ. ಆದರೆ ಮಹಾರಾಷ್ಟ್ರ ಸರ್ಕಾರ 2019ರಲ್ಲಿ ತಂದ ಮುಖ್ಯಮಂತ್ರಿ ರೋಜಗಾರ ನಿರ್ಮಿತಿ ಕಾರ್ಯಕ್ರಮಕ್ಕೆ ಇಲ್ಲಿನ ನಿವಾಸಿ ಎಂಬ ದಾಖಲೆ ಬೇಕೇ ಬೇಕು. ಇದರಲ್ಲಿ ಯೋಜನೆಯ ವೆಚ್ಚದ ನೂರಕ್ಕೆ 15ರಿಂದ 35ರವರೆಗೆ ಸಬ್ಸಿಡಿ ಇಟ್ಟಿದ್ದಾರೆ. ಹೊಸ ಘಟಕಕ್ಕೆ ಮಾತ್ರ. ವಿಚಾರಿಸಲು ಅಕ್ಕಲಕೋಟದವರು ಸೋಲಾಪುರದ, ಜತ್ತದವರು ಸಾಂಗ್ಲಿಯ ಜಿಲ್ಲಾ ಉದ್ಯೋಗ ಕೇಂದ್ರಕ್ಕೆ ಹೋಗಬೇಕು. ಸಬ್ಸಿಡಿ ಕೈಗೆ ಸಿಗುವ ರೊಕ್ಕ ಅಲ್ಲ. ಸಾಲದ ಖಾತೆಗೆ ಹೊಂದಿಸುತ್ತಾರೆ. ಅದನ್ನು ನಂಬಿ ಮದುವೆ ಖರ್ಚು ಹಾಕಿಕೊಳ್ಳಬೇಡಿ.

ಉದ್ಯಮ್ ನೋಂದಣಿ ಎಲ್ಲರೂ ಮಾಡಿಸಬೇಕಾದದ್ದು. 2020ರ ಜುಲೈ 1ರಿಂದ ಆಧಾರದ ಮೇಲೆ ಆನ್‌ಲೈನಿನಲ್ಲಿ ಆಗುತ್ತದೆ. ಸರ್ಕಾರದ ಶುಲ್ಕ ಒಂದು ಪೈಸೆಯೂ ಇಲ್ಲ. ತಿನ್ನುವ ಮಾಲು ಮಾಡುವವರಿಗೆ ಆಹಾರ ಸುರಕ್ಷೆಯ ನೋಂದಣಿಯೂ ಬೇಕು.

ಯಾರಿಗೆ ಯಾವುದು?

ತಳ್ಳುಗಾಡಿ, ಬುಟ್ಟಿ ವ್ಯಾಪಾರದವರಿಗೆ 2020ರಲ್ಲಿ ಶುರುವಾದ ಪಿಎಂ ಸ್ವನಿಧಿ ಇದೆ. 2025ರ ಬದಲಾವಣೆಯ ನಂತರ ಮೊದಲ ಕಂತು 15 ಸಾವಿರ, ಅದು ತೀರಿಸಿದರೆ 25 ಸಾವಿರ, ಆಮೇಲೆ 50 ಸಾವಿರ. ಬಡಿಗ, ಕಮ್ಮಾರ, ಕುಂಬಾರ, ದರ್ಜಿ, ಕ್ಷೌರಿಕ ಹೀಗೆ 18 ಕಸುಬಿನವರಿಗೆ 2023ರ ಪಿಎಂ ವಿಶ್ವಕರ್ಮ. ನೂರಕ್ಕೆ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ. ಮಗ್ಗದವರು ಈ ಪಟ್ಟಿಯಲ್ಲಿ ಇಲ್ಲ, ಅವರಿಗೆ ನೇಕಾರರ ಮುದ್ರಾ ಬೇರೆ ಇದೆ. ಬಚತ್ ಗಟದ ಹೆಣ್ಣುಮಕ್ಕಳು ಉಮೇದ್ ಕಚೇರಿಗೆ ಹೋಗಬಹುದು. ಗ್ರಾಮೀಣ ಜೀವನೋನ್ನತಿ ಯೋಜನೆಯ ಗುಂಪುಗಳಿಗೆ ತಾರಣ ಇಲ್ಲದ ಸಾಲದ ಮಿತಿಯನ್ನು 2021ರಲ್ಲಿ 20 ಲಕ್ಷಕ್ಕೆ ಏರಿಸಲಾಗಿದೆ.

ಪೋಚ್ ಬಿಡಬೇಡಿ

ಬಾಯಿಮಾತಿನಲ್ಲಿ "ಆಗೂದಿಲ್ಲ" ಎಂದರೆ ಅದು ತಿರಸ್ಕಾರ ಅಲ್ಲ, ಅರ್ಜಿಯೇ ಇಲ್ಲದ ಹಾಗೆ. ಬರೆದ ಅರ್ಜಿ ಕೊಟ್ಟು ಸಿಕ್ಕೆ-ಸಹಿಯ ಪೋಚ್ ಕೇಳಿ. ಕೊಡುವುದು ಬ್ಯಾಂಕಿನ ಕೆಲಸ. ಸಣ್ಣ ಉದ್ಯಮದ 25 ಲಕ್ಷದವರೆಗಿನ ಅರ್ಜಿಗೆ 14 ಕೆಲಸದ ದಿನಗಳೊಳಗೆ ನಿರ್ಧಾರ ಆಗಬೇಕು ಎಂಬ ನಿಯಮವಿದೆ. ಬೇಡ ಎಂದರೆ ಕಾರಣ ಬರವಣಿಗೆಯಲ್ಲಿ ಕೇಳಿ. ಹಿಂದೆ ಸಾಲವನ್ನೇ ತೆಗೆಯದವರಿಗೆ ಸಿಬಿಲ್ ದಾಖಲೆ ಇಲ್ಲ ಎನ್ನುವ ಒಂದೇ ಕಾರಣಕ್ಕೆ ಇಲ್ಲ ಎನ್ನಬಾರದು. ಹಳೆ ಸಾಲ ಇದ್ದವರು ತಮ್ಮ ಸಿಬಿಲ್ ವರದಿಯನ್ನು ವರ್ಷಕ್ಕೊಮ್ಮೆ ಪುಕ್ಕಟೆ ತೆಗೆದು ನೋಡಬಹುದು.

ಶಾಖೆಯಲ್ಲಿ ಕೇಳದಿದ್ದರೆ ಜಿಲ್ಲಾ ಅಗ್ರಣಿ ಬ್ಯಾಂಕಿನ ವ್ಯವಸ್ಥಾಪಕರು ಇದ್ದಾರೆ. ಸೋಲಾಪುರ, ಸಾಂಗ್ಲಿ ಎರಡಕ್ಕೂ ಅಗ್ರಣಿ ಬ್ಯಾಂಕು ಬ್ಯಾಂಕ್ ಆಫ್ ಇಂಡಿಯಾ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಬರೆಯಬಹುದು, ಮಾಹಿತಿಗೆ 14448. "ಮುದ್ರಾ ಮಂಜೂರಾಗಿದೆ, ಮೊದಲು ಫೀ ಕಟ್ಟಿ" ಎಂದು ಫೋನು ಬಂದರೆ ಮೋಸ ಎಂದೇ ತಿಳಿಯಿರಿ. ಮುದ್ರಾಕ್ಕೆ ದಲಾಲರಿಲ್ಲ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕಳೆದ ಸೋಮವಾರ ಅಕ್ಕ ಮತ್ತೆ ಅದೇ ಶಾಖೆಗೆ ಹೋದರು. ಲೆಕ್ಕದ ಹಾಳೆ, ಯಂತ್ರದ ಕೊಟೇಶನ್, ಉದ್ಯಮ್ ಪತ್ರ, ಆರು ತಿಂಗಳ ಚೀಟಿ ಎಲ್ಲ ಒಂದು ಫೈಲಿನಲ್ಲಿ. ಈ ಸಲ ಸಾಹೇಬರು ಕೂಡಿಸಿ ಮಾತಾಡಿದರು. ಶೇಂಗಾ ಎಲ್ಲಿಂದ ತರುತ್ತೀರಿ, ಅಂಗಡಿಯವರು ಎಷ್ಟು ದಿನಕ್ಕೆ ದುಡ್ಡು ಕೊಡುತ್ತಾರೆ ಎಂದೆಲ್ಲ ಕೇಳಿದರು. ಉತಾರಾದ ಮಾತು ತೆಗೆಯಲಿಲ್ಲ. ಮಂಜೂರು ಇನ್ನೂ ಆಗಿಲ್ಲ, ಹದಿನಾಲ್ಕು ದಿನ ಮುಗಿದಿಲ್ಲ. ಸಿಕ್ಕೆ ಬಿದ್ದ ಪೋಚನ್ನು ಅಕ್ಕ ಚೀಟಿಗಳ ಆ ಡಬ್ಬಿಯಲ್ಲೇ ಇಟ್ಟಿದ್ದಾರೆ.

"ಕೊಡ್ತಾರೋ ಬಿಡ್ತಾರೋ ನೋಡೂಣು," ಎಂದರು. "ಆದ್ರ ಸಾವಕಾರ್ರಿಗೆ ಸದ್ಯಕ್ಕ ಬ್ಯಾಡ ಅಂತ ಹೇಳಿ ಕಳಿಸೀನಿ."